ಪತ್ತು ನಮ್ಮದು, ಪುಸ್ತಕ ಪರರದು

ಪತ್ತು ಎಂಬ ಮಾತು ನಮ್ಮ ವಾಚಕ ಬಂಧುಗಳಿಗೆ ಹೊಸದಲ್ಲ. ಪತ್ತಿನ ಸಹಕಾರಿ ಸಂಘವೆಂಬ ಹಲಗೆಯನ್ನು ಊರೂರಲ್ಲಿ ಕಂಡು ಬಂದವರೇ ನಾವೆಲ್ಲರೂ. ಕೊಟ್ಟ ಹಣ ಹೇಳಿದ ವೇಳೆಗೆ ಮರಳಿ ಬಂದೀತೆಂಬ ನಂಬಿಗೆಗೆ ಪತ್ತು ಎಂದು ಹೆಸರು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದಾಗ ಆ ಊರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂಥ ಸಂಘಗಳ ಬಲವೆಲ್ಲ ಒಂದೇ ಸಂಗತಿಯಲ್ಲಿತ್ತು: ಸಾಲ ಕೇಳುವವನನ್ನು ಕೊಡುವವರು ಬಲ್ಲರು. ಅವನ ಹೊಲವನ್ನು ಬಲ್ಲರು, ಮನೆತನವನ್ನು ಬಲ್ಲರು, ಹೋದ ಸುಗ್ಗಿಯಲ್ಲಿ ಅವನು ಬಾಕಿ ತೀರಿಸಿದನೋ ಇಲ್ಲವೋ ಎಂಬುದನ್ನೂ ಬಲ್ಲರು.

ಊರು ಬಿಟ್ಟು ಮುಂಬಯಿ ಸೇರಿದವನಿಗೆ ಈ ಗುರುತು ದೊರೆಯುವುದಿಲ್ಲ. ಹತ್ತು ವರ್ಷ ಒಂದೇ ಕಚೇರಿಯಲ್ಲಿ ಕಾರಕೂನಿಕೆ ಮಾಡಿದವರನ್ನೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಂಬಿಗೆಯಿಂದ ಕುಳಿತವರನ್ನೂ ಬ್ಯಾಂಕಿನ ಅಧಿಕಾರಿ ಅರಿಯನು. ಅವನು ತನ್ನ ಯಂತ್ರದಲ್ಲಿ ಒಂದು ಅಂಕವನ್ನು ನೋಡುತ್ತಾನೆ. ಜನರ ಬಾಯಲ್ಲಿ ಅದು ಸಿಬಿಲ್ ಸ್ಕೋರು. ನಾವು ಅದನ್ನು ಪತ್ತಿನ ಅಂಕವೆಂದು ಕರೆಯೋಣ. ಊರಿನಲ್ಲಿ ನಮ್ಮ ಮುಖಕ್ಕಿದ್ದ ಬೆಲೆ ಇಲ್ಲಿ ಆ ಅಂಕಕ್ಕಿದೆ. ನಮ್ಮ ಹೆಸರಿನಲ್ಲಿ ಪರರು ಬರೆದಿಡುವ ಈ ಪುಸ್ತಕವನ್ನು ನಮ್ಮಲ್ಲಿ ಅನೇಕರು ಒಮ್ಮೆಯೂ ತೆರೆದು ನೋಡಿಲ್ಲ. ಮನೆ ಸಾಲವೋ ಮಗಳ ವಿದ್ಯಾಭ್ಯಾಸದ ಸಾಲವೋ ದೊರೆಯದೆ ಹೋದ ದಿನವೇ ಅದರ ಸುದ್ದಿ ತಿಳಿಯುತ್ತದೆ. ಹಾಗಾಗದಿರಲೆಂದು ಈ ಲೇಖನ.

ಪುಸ್ತಕ ಬರೆಯುವವರು ಯಾರು?

ಭಾರತದಲ್ಲಿ ಇಂಥ ದಾಖಲೆಯನ್ನು ಇಡುವ ಮೊದಲ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂಬ ಹೆಸರಿನಿಂದ ನಡೆಯುತ್ತಿರುವುದು ಅದೇ. 2005ರಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಅದರಂತೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಕಂಪನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿ.ಆರ್.ಐ.ಎಫ್. ಹೈಮಾರ್ಕ್. ಬ್ಯಾಂಕುಗಳೂ ಸಾಲ ಕೊಡುವ ಹಣಕಾಸು ಕಂಪನಿಗಳೂ ತಮ್ಮ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಈ ನಾಲ್ಕಕ್ಕೂ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕೆಂದಾಯಿತು. ಆದುದರಿಂದ ತಪ್ಪಿದ ಕಂತೂ ಬೇಗ ದಾಖಲಾಗುತ್ತದೆ, ತೀರಿದ ಬಾಕಿಯೂ ಬೇಗ ದಾಖಲಾಗುತ್ತದೆ.

ಅಂಕವು 300ರಿಂದ 900ರ ವರೆಗೆ ಇರುತ್ತದೆ. ಸಾಮಾನ್ಯವಾಗಿ 750 ಮತ್ತು ಅದರ ಮೇಲಿನದನ್ನು ಒಳ್ಳೆಯ ಅಂಕವೆಂದು ಬ್ಯಾಂಕುಗಳು ಎಣಿಸುತ್ತವೆ. ಒಂದು ಕಂಪನಿಯ ಅಂಕಕ್ಕೂ ಇನ್ನೊಂದರ ಅಂಕಕ್ಕೂ ತುಸು ವ್ಯತ್ಯಾಸವಿರುವುದು ಸಹಜ; ಅದರಿಂದ ಗಾಬರಿಯಾಗಬೇಕಾಗಿಲ್ಲ.

ಈ ಅಂಕದಿಂದ ಆಗುವ ಲಾಭ ನಷ್ಟವೆಷ್ಟು? 20 ಲಕ್ಷ ರೂಪಾಯಿಯ ಮನೆ ಸಾಲವನ್ನು 20 ವರ್ಷಕ್ಕೆ ತೆಗೆದುಕೊಂಡಿರೆಂದು ಎಣಿಸಿರಿ. ಬಡ್ಡಿ ನೂರಕ್ಕೆ ಎಂಟೂವರೆಯಾದರೆ ತಿಂಗಳ ಕಂತು 17,356 ರೂಪಾಯಿ. ಒಂಬತ್ತೂವರೆಯಾದರೆ 18,643 ರೂಪಾಯಿ. ಒಂದೇ ಒಂದು ರೂಪಾಯಿಯ ಬಡ್ಡಿಯ ಅಂತರ 240 ಕಂತುಗಳಲ್ಲಿ ಮೂರು ಲಕ್ಷ ರೂಪಾಯಿಗೂ ಮಿಗಿಲಾಗುತ್ತದೆ. ಅಂಕ ಚೆನ್ನಾಗಿದ್ದವನಿಗೆ ಕಡಿಮೆ ಬಡ್ಡಿ, ಇಲ್ಲದವನಿಗೆ ಹೆಚ್ಚು ಬಡ್ಡಿ ಎಂಬ ಕ್ರಮವನ್ನು ಹಲವು ಬ್ಯಾಂಕುಗಳು ಅನುಸರಿಸುತ್ತವೆ. ಬ್ಯಾಂಕು ಸಾಲವೇ ಇಲ್ಲವೆಂದರೆ ಸಂಕಟದಲ್ಲಿದ್ದವನು ತಿಂಗಳ ಬಡ್ಡಿಯ ಸಾಹುಕಾರನ ಬಳಿಗೋ, ಮೊಬೈಲಿನಲ್ಲಿ ಸಾಲ ಕೊಡುತ್ತೇವೆಂದು ಕರೆಯುವವರ ಬಳಿಗೋ ಹೋಗುತ್ತಾನೆ. ಅಲ್ಲಿಗೆ ಹೋದವನು ಮರಳಿ ಬರುವುದು ಎಷ್ಟು ಕಷ್ಟವೆಂಬುದನ್ನು ನಾವು ಹೇಳಬೇಕಾಗಿಲ್ಲ.

ಅಂಕದೊಳಗೆ ಇರುವುದೇನು, ಇಲ್ಲದಿರುವುದೇನು?

ಸಂಬಳ ಚಿಕ್ಕದಾದ್ದರಿಂದ ಅಂಕವೂ ಚಿಕ್ಕದು ಎಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಸಂಬಳವಾಗಲಿ, ಉಳಿತಾಯ ಖಾತೆಯಲ್ಲಿರುವ ಹಣವಾಗಲಿ, ಜಾತಿ ಮತಗಳಾಗಲಿ ಈ ಅಂಕದ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಸಂಬಳದ ಅಧಿಕಾರಿ ಕಂತು ತಪ್ಪಿಸಿದರೆ ಅವನ ಅಂಕ ಇಳಿಯುತ್ತದೆ. ಗಿರಣಿಯ ಕೆಲಸಗಾರ ತನ್ನ ಚಿಕ್ಕ ಸಾಲವನ್ನು ತಪ್ಪದೆ ತೀರಿಸಿದರೆ ಅವನ ಅಂಕ ಏರುತ್ತದೆ. ಈ ಮಟ್ಟಿಗೆ ಇದು ಬಡವನಿಗೂ ನ್ಯಾಯವಾದದ್ದೇ.

ಲೆಕ್ಕ ಹಾಕುವ ಸೂತ್ರವನ್ನು ಕಂಪನಿಗಳು ಪೂರ್ತಿಯಾಗಿ ಬಿಚ್ಚಿ ಹೇಳುವುದಿಲ್ಲ. ಆದರೆ ನಾಲ್ಕು ಸಂಗತಿಗಳನ್ನು ನೋಡುತ್ತವೆಂಬುದು ಸ್ಪಷ್ಟವಾಗಿದೆ. ಮೊದಲನೆಯದೂ ಮುಖ್ಯವಾದದ್ದೂ ಕಂತುಗಳನ್ನು ವೇಳೆಗೆ ಸರಿಯಾಗಿ ಕಟ್ಟಿದಿರಾ ಎಂಬುದು. ಬಾಕಿ ಎಷ್ಟು ದಿನ ತಡವಾಯಿತೆಂಬುದನ್ನು ದಿನಗಳ ಲೆಕ್ಕದಲ್ಲಿ ಬರೆದಿಡುತ್ತಾರೆ. 90 ದಿನ ಮೀರಿದರೆ ಬ್ಯಾಂಕು ಆ ಸಾಲವನ್ನು ಕೆಟ್ಟ ಸಾಲವೆಂದು ಎಣಿಸುತ್ತದೆ. ಎರಡನೆಯದು ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಎಷ್ಟನ್ನು ಬಳಸಿದಿರಿ ಎಂಬುದು. ಒಂದು ಲಕ್ಷದ ಮಿತಿಯಲ್ಲಿ ತಿಂಗಳು ತಿಂಗಳೂ ತೊಂಬತ್ತು ಸಾವಿರ ಬಳಸುವವನು ಹಣದ ಇಕ್ಕಟ್ಟಿನಲ್ಲಿದ್ದಾನೆಂದು ಅವರ ಊಹೆ. ಮೂರರಲ್ಲಿ ಒಂದು ಪಾಲಿನ ಒಳಗೆ ಇಟ್ಟುಕೊಳ್ಳುವುದು ಕ್ಷೇಮ. ಮೂರನೆಯದು ಸ್ವಲ್ಪ ಕಾಲದಲ್ಲಿ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದಿರಿ ಎಂಬುದು. ನಾಲ್ಕನೆಯದು ಸಾಲಗಳು ಯಾವ ಬಗೆಯವು, ಎಷ್ಟು ಹಳೆಯವು ಎಂಬುದು.

ಇಲ್ಲಿ ಒಂದು ಸಂದೇಹಕ್ಕೆ ಉತ್ತರ ಹೇಳಬೇಕು. ನಮ್ಮ ವರದಿಯನ್ನು ನಾವೇ ತರಿಸಿ ನೋಡಿದರೆ ಅಂಕ ಇಳಿಯುತ್ತದೆಯೇ? ಇಲ್ಲ, ಎಷ್ಟು ಸಲ ನೋಡಿದರೂ ಇಳಿಯುವುದಿಲ್ಲ. ಸಾಲದ ಅರ್ಜಿಯ ಮೇಲೆ ಬ್ಯಾಂಕು ವಿಚಾರಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಒಂದು ವಾರದಲ್ಲಿ ಆರು ಕಡೆ ಅರ್ಜಿ ಹಾಕಬಾರದೆಂದು ಹೇಳುವುದು ಇದಕ್ಕಾಗಿ.

ವಲಸೆ ಬಂದವರು ಎಡವುವ ಸ್ಥಳಗಳು

ಸಾಲ ತೀರಿಸುವ ಮನಸ್ಸಿಲ್ಲದವರ ಮಾತು ಬೇರೆ. ಮನಸ್ಸೂ ಹಣವೂ ಇದ್ದು ಅಂಕ ಕೆಡಿಸಿಕೊಂಡವರು ನಮ್ಮಂಥ ಪರಸ್ಥಳದ ಜನರಲ್ಲಿ ಕಡಿಮೆಯೇನಲ್ಲ. ಕಾರಣವೆಂದರೆ ನಾವು ನೆಲೆ ಬದಲಾಯಿಸುವವರು. ಖೋಲಿ ಬದಲಾಗುತ್ತದೆ, ನೌಕರಿ ಬದಲಾಗುತ್ತದೆ, ದೂರವಾಣಿಯ ಸಂಖ್ಯೆ ಬದಲಾಗುತ್ತದೆ. ಪುಸ್ತಕದಲ್ಲಿ ಮಾತ್ರ ಹಳೆಯದೇ ಉಳಿಯುತ್ತದೆ.

ನೌಕರಿ ಬಿಟ್ಟಾಗ ಹಳೆಯ ಸಂಬಳದ ಖಾತೆಯನ್ನು ಮರೆಯುವುದು ಮೊದಲ ಎಡವು. ಕಂತು ಆ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟಿರುತ್ತೇವೆ. ಹೊಸ ಕಚೇರಿ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆಯಿಸುತ್ತದೆ. ಹಳೆಯದರಲ್ಲಿ ಹಣವಿಲ್ಲದೆ ಕಂತು ಹಿಂದಿರುಗುತ್ತದೆ, ದಂಡ ಬೀಳುತ್ತದೆ, ದಾಖಲೆಯೂ ಆಗುತ್ತದೆ. ಹೊಸ ಖಾತೆಯಿಂದ ಕಡಿತ ಆರಂಭವಾದದ್ದನ್ನು ಕಣ್ಣಾರೆ ನೋಡುವ ತನಕ ಹಳೆಯ ಖಾತೆಯಲ್ಲಿ ಎರಡು ಕಂತಿನಷ್ಟು ಹಣ ಇಟ್ಟಿರತಕ್ಕದ್ದು.

ಎರಡನೆಯದು ವಿಳಾಸ ಮತ್ತು ದೂರವಾಣಿ. ಯಾವುದಾದರೂ ಬ್ಯಾಂಕು ನಮ್ಮ ದಾಖಲೆಯನ್ನು ತೆರೆದು ನೋಡಿದರೆ ಪತ್ತಿನ ಕಂಪನಿಯು ನಮಗೆ ಸಂದೇಶ ಕಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ನಮ್ಮ ಹೆಸರಿನಲ್ಲಿ ಬೇರೆ ಯಾರೋ ಸಾಲ ತೆಗೆಯುತ್ತಿದ್ದರೆ ಮೊದಲ ಎಚ್ಚರಿಕೆ ಇದೇ. ಸಂಖ್ಯೆ ಹಳೆಯದಾಗಿದ್ದರೆ ಆ ಎಚ್ಚರಿಕೆ ಇನ್ನೊಬ್ಬರ ಕೈಗೆ ಹೋಗುತ್ತದೆ.

ಮೂರನೆಯದು ಹೆಸರು. ಇದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಊರಿನ ಶಾಲೆಯ ದಾಖಲೆಯಲ್ಲಿ ಬಿ. ಎಸ್. ಮಂಜುನಾಥ ಎಂದಿದ್ದವರು ಮುಂಬಯಿಯ ಕಚೇರಿಯಲ್ಲಿ ಮಂಜುನಾಥ ಶಿವಪ್ಪ ಬ್ಯಾಡಗಿ ಆಗುತ್ತಾರೆ; ಬ್ಯಾಂಕಿನಲ್ಲಿ ಬರಿಯ ಮಂಜುನಾಥ ಬಿ. ಆಗುತ್ತಾರೆ. ಹೀಗೆ ಒಬ್ಬರೇ ಮೂವರಾದರೆ ಸರಿಯಾಗಿ ತೀರಿಸಿದ ಸಾಲ ಒಂದು ಹೆಸರಿನಲ್ಲಿ, ಈಗ ಕೇಳುವ ಸಾಲ ಇನ್ನೊಂದು ಹೆಸರಿನಲ್ಲಿ ಉಳಿದುಬಿಡಬಹುದು. ಅದೇ ಹೆಸರಿನ ಬೇರೊಬ್ಬರ ಬಾಕಿ ನಮ್ಮ ತಲೆಯ ಮೇಲೆ ಬರುವುದೂ ಉಂಟು. ಪ್ಯಾನ್ ಕಾರ್ಡು, ಆಧಾರ್, ಬ್ಯಾಂಕಿನ ಪುಸ್ತಕ ಈ ಮೂರರಲ್ಲೂ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇರುವಂತೆ ಮಾಡಿಕೊಳ್ಳುವುದು ಅತ್ಯವಶ್ಯ.

ನಾಲ್ಕನೆಯದು ಜಾಮೀನು. ಊರಿನವರು ಸಾಲ ತೆಗೆಯುವಾಗ "ಅಣ್ಣಾ, ಒಂದು ಸಹಿ ಅಷ್ಟೇ" ಎಂದು ಕೇಳಿದರೆ ಇಲ್ಲವೆನ್ನುವುದು ನಮ್ಮವರಿಗೆ ಕಷ್ಟ. ಆದರೆ 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವರು ಕಂತು ತಪ್ಪಿಸಿದರೆ ಅದು ನಮ್ಮ ಪುಸ್ತಕದಲ್ಲೂ ಬರುತ್ತದೆ. ಆ ಹಣವನ್ನು ನಾವೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆವೇ ಎಂದು ಕೇಳಿಕೊಂಡು, ಹೌದೆಂದಾದರೆ ಮಾತ್ರ ಸಹಿ ಹಾಕಬೇಕು. ಹಾಕಿದ ಮೇಲೂ ಆರು ತಿಂಗಳಿಗೊಮ್ಮೆ ವರದಿಯನ್ನು ನೋಡುತ್ತಿರಬೇಕು. ಇದು ಸ್ನೇಹಕ್ಕೆ ಅಪಚಾರವಲ್ಲ. ಸ್ನೇಹ ಉಳಿಯುವ ದಾರಿಯೇ ಇದು.

ಅಂಕವನ್ನು ಏರಿಸುವ ಬಗೆ

ಕೆಟ್ಟ ಅಂಕವನ್ನು ಒಂದು ವಾರದಲ್ಲಿ ಸರಿಮಾಡುವ ಮಂತ್ರವಿಲ್ಲ. ತಿಂಗಳು ತಿಂಗಳ ಶಿಸ್ತಿನಿಂದ ಅದು ನಿಧಾನವಾಗಿ ಏರುತ್ತದೆ. ಮೊದಲು ಬಾಕಿಯಿರುವ ಕಂತುಗಳನ್ನು ತೀರಿಸಬೇಕು. ಮುಂದಿನ ಕಂತುಗಳನ್ನು ಸಂಬಳ ಬಂದ ಮರುದಿನವೇ ಕಡಿತವಾಗುವಂತೆ ಗೊತ್ತುಮಾಡಬೇಕು. ಊರಿಗೆ ಹಣ ಕಳಿಸುವ ಮೊದಲು ಕಂತಿನ ಹಣ ಬೇರೆ ತೆಗೆದಿಡಬೇಕು.

ಕ್ರೆಡಿಟ್ ಕಾರ್ಡು ಇರುವವರು ಬಿಲ್ಲನ್ನು ಪೂರ್ತಿ ತೀರಿಸಬೇಕು. ಬಿಲ್ಲಿನ ಮೇಲೆ ಕನಿಷ್ಠ ಮೊತ್ತವೆಂದು ಒಂದು ಸಣ್ಣ ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಕಟ್ಟಿದರೆ ಬಾಕಿದಾರನೆಂಬ ಹೆಸರು ಬರುವುದಿಲ್ಲವೆಂಬುದು ನಿಜ, ಆದರೆ ಉಳಿದ ಹಣಕ್ಕೆ ಬಡ್ಡಿ ಓಡುತ್ತದೆ. ತಿಂಗಳಿಗೆ ನೂರಕ್ಕೆ ಮೂರೂವರೆಯ ದರದಲ್ಲಿ 20,000 ರೂಪಾಯಿ ಬಾಕಿಗೆ ಬಡ್ಡಿ 700 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 126 ರೂಪಾಯಿ. ಆ ತಿಂಗಳು 1,000 ರೂಪಾಯಿ ಕಟ್ಟಿದವನ ಅಸಲಿನಲ್ಲಿ ಇಳಿದದ್ದು ಬರಿಯ 174 ರೂಪಾಯಿ! ಕೊನೆಯ ದಿನಾಂಕ ದಾಟಿದ ಮೇಲೂ ಮೂರು ದಿನದೊಳಗೆ ಕಟ್ಟಿದರೆ ತಡವೆಂದು ವರದಿ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಇದನ್ನು ಆಪತ್ತಿಗೆ ಇಟ್ಟುಕೊಳ್ಳಬೇಕೇ ಹೊರತು ಅಭ್ಯಾಸ ಮಾಡಿಕೊಳ್ಳಬಾರದು.

ಸಾಲವನ್ನೇ ತೆಗೆಯದವರ ಪಾಡೇನು? ಅವರ ಪುಸ್ತಕ ಖಾಲಿ, ಅಂಕವೇ ಇರುವುದಿಲ್ಲ. ಎಂದೂ ಸಾಲ ಮಾಡದಿರುವುದು ಒಳ್ಳೆಯ ಗುಣವಾದರೂ ಬ್ಯಾಂಕಿಗೆ ಅದು ಅಪರಿಚಿತನ ಗುರುತು. ಮೊದಲ ಸಲ ಸಾಲ ಕೇಳುವವನ ಅರ್ಜಿಯನ್ನು ಹಿಂದಿನ ದಾಖಲೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು ಹೇಳಿದೆ. 2025ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಲೋಕಸಭೆಯಲ್ಲಿ ಇದನ್ನೇ ತಿಳಿಸಿತು. ಆದರೂ ಮುಂದೆ ಮನೆ ಸಾಲ ಬೇಕೆನ್ನುವವರು ಈಗಲೇ ಸಣ್ಣದಾಗಿ ಆರಂಭಿಸುವುದು ಲೇಸು. ಹಲವು ಬ್ಯಾಂಕುಗಳು ಮುದ್ದತ್ತಿನ ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುತ್ತವೆ. ಅದರಲ್ಲಿ ತಿಂಗಳ ಕಿರಾಣಿಯಷ್ಟನ್ನು ಮಾತ್ರ ಕೊಂಡು, ಬಿಲ್ಲನ್ನು ಪೂರ್ತಿ ತೀರಿಸುತ್ತ ಹೋದರೆ ಬಡ್ಡಿಯಿಲ್ಲದೆ ಪತ್ತು ಬೆಳೆಯುತ್ತದೆ. ಕಿರಾಣಿ ಅಂಗಡಿಯ ಉದ್ರಿಯನ್ನೂ ಸಾಹುಕಾರನ ಕೈಗಡವನ್ನೂ ಎಷ್ಟು ಪ್ರಾಮಾಣಿಕವಾಗಿ ತೀರಿಸಿದರೂ ಈ ಪುಸ್ತಕದಲ್ಲಿ ಬರುವುದಿಲ್ಲ.

ಸಾಲ ತೀರಿದ ಮೇಲಿನ ಕೆಲಸವೂ ಒಂದುಂಟು. ಬಾಕಿಯಿಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಬರೆಸಿ ತೆಗೆದುಕೊಂಡು ಜೋಪಾನವಾಗಿಡಬೇಕು. ಒಂದು ತಿಂಗಳ ಮೇಲೆ ವರದಿಯಲ್ಲಿ ಆ ಸಾಲ ಕ್ಲೋಸ್ಡ್ ಎಂದು ಬಂದಿದೆಯೇ ನೋಡಬೇಕು. ಸೆಟಲ್ಡ್ ಎಂದು ಬಂದಿದ್ದರೆ ಅದರ ಅರ್ಥ ಬೇರೆ: ಸಾಲಗಾರ ಪೂರ್ತಿ ಕೊಡಲಾರದೆ ಹೋದ, ಬ್ಯಾಂಕು ಕೆಲವಂಶ ಬಿಟ್ಟುಕೊಟ್ಟಿತು ಎಂದು. ವಸೂಲಿಯವನು "ಅರ್ಧ ಕಟ್ಟಿರಿ, ಮುಗಿಸಿಬಿಡೋಣ" ಎಂದಾಗ ಹಣ ಉಳಿದಂತೆ ಕಾಣುತ್ತದೆ. ಆ ಒಂದು ಶಬ್ದ ಮಾತ್ರ ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಪತ್ತಿನ ಕಂಪನಿಗಳು ದಾಖಲೆಯನ್ನು ಕನಿಷ್ಠ ಏಳು ವರ್ಷ ಇಡಬೇಕೆಂದು ನಿಯಮವಿದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದಕ್ಕೆ ಒಪ್ಪಬೇಕು. ಮುಂದೆ ಕೈಯಲ್ಲಿ ಹಣ ಕೂಡಿದಾಗ ಬಿಟ್ಟ ಬಾಕಿಯನ್ನೂ ಕಟ್ಟುತ್ತೇವೆಂದು ಬ್ಯಾಂಕಿಗೆ ಬರೆದು, ಆ ಶಬ್ದವನ್ನು ಬದಲಿಸುವಂತೆ ಕೇಳಬಹುದು.

ತಪ್ಪು ಬರೆದಿದ್ದರೆ?

ಪುಸ್ತಕ ಬರೆಯುವವರೂ ತಪ್ಪುತ್ತಾರೆ. ಆದುದರಿಂದ ಓದುವ ಹಕ್ಕನ್ನು ನಮಗೆ ಕೊಟ್ಟಿದ್ದಾರೆ. 2017ರಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕ ಸಹಿತ ಪುಕ್ಕಟೆಯಾಗಿ ಕೊಡಬೇಕು. ಕಂಪನಿಗಳು ನಾಲ್ಕಾದ್ದರಿಂದ ಮೂರು ತಿಂಗಳಿಗೊಂದರಂತೆ ತರಿಸಿದರೆ ಬಿಡಿಕಾಸು ಖರ್ಚಿಲ್ಲದೆ ವರ್ಷವಿಡೀ ಕಾವಲಿಟ್ಟಂತಾಯಿತು. ಆಯಾ ಕಂಪನಿಯ ಅಂತರ್ಜಾಲ ತಾಣದಲ್ಲೇ ಕೇಳಬೇಕು. ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ನಮ್ಮ ಹೆಸರಿನ ದೂರವಾಣಿ ಸಂಖ್ಯೆ ಹತ್ತಿರವಿರಲಿ.

ವರದಿ ಬಂದ ಮೇಲೆ ನಾಲ್ಕನ್ನು ನೋಡಿರಿ: ಹೆಸರು ವಿಳಾಸಗಳು ನಮ್ಮವೇ? ಪಟ್ಟಿಯಲ್ಲಿರುವ ಸಾಲಗಳೆಲ್ಲ ನಾವು ತೆಗೆದವೇ? ತೀರಿದ್ದು ತೀರಿದೆ ಎಂದು ಬಂದಿದೆಯೇ? ನಾವು ಅರ್ಜಿ ಹಾಕದ ಕಡೆಯಿಂದ ಯಾರಾದರೂ ವಿಚಾರಿಸಿದ್ದಾರೆಯೇ?

ತಪ್ಪು ಕಂಡರೆ ಕಂಪನಿಗೂ ಬ್ಯಾಂಕಿಗೂ ಬರೆದು ತಿಳಿಸಬೇಕು. ಖಾತೆಯ ಸಂಖ್ಯೆ, ವರದಿಯಲ್ಲಿ ಬರೆದಿರುವುದೇನು, ನಿಜವೇನು, ಅದಕ್ಕೆ ಆಧಾರವಾದ ಕಾಗದ ಯಾವುದು, ಇಷ್ಟೇ ಸಾಕು. ಉದ್ದನೆಯ ಗೋಳು ಬೇಡ. ದೂರಿನ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು. 30 ದಿನದೊಳಗೆ ದೂರು ಇತ್ಯರ್ಥವಾಗದಿದ್ದರೆ ಆ ಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ತಿದ್ದುವುದಿಲ್ಲವೆಂದರೆ ಬ್ಯಾಂಕು ಕಾರಣ ಹೇಳಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ರಿಗೆ ದೂರು ಕೊಡಬಹುದು. 2022ರ ಸೆಪ್ಟೆಂಬರ್ 1ರಿಂದ ಪತ್ತಿನ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ವಿಚಾರಣೆಗೆ 14448 ಎಂಬ ದೂರವಾಣಿಯಿದೆ.

ಹಣ ಕೊಟ್ಟರೆ ಅಂಕ ಏರಿಸಿಕೊಡುತ್ತೇವೆಂದು ಕೆಲವು ದಲ್ಲಾಳಿಗಳು ತಿರುಗುತ್ತಾರೆ. ಸುಳ್ಳು ದಾಖಲೆಯನ್ನು ತಿದ್ದಿಸಲು ಅವರು ಬೇಕಾಗಿಲ್ಲ. ನಿಜವಾದ ದಾಖಲೆಯನ್ನು ಅಳಿಸಲು ಅವರಿಂದ ಆಗುವುದಿಲ್ಲ. ಹೀಗಿರುವಾಗ ಅವರಿಗೆ ಹಣವೇಕೆ?

ಬ್ಯಾಂಕಿನ ನೌಕರಿಗೆ ಪ್ರಯತ್ನಿಸುವ ತರುಣರಿಗೆ ಒಂದು ಮಾತು. ಅರ್ಜಿದಾರರ ಪತ್ತಿನ ದಾಖಲೆಯನ್ನು ಈಗ ಬ್ಯಾಂಕುಗಳು ನೇಮಕಾತಿಯಲ್ಲೂ ನೋಡುತ್ತವೆ. ದಾಖಲೆ ಕೆಟ್ಟಿತ್ತೆಂದು ನೇಮಕವನ್ನು ರದ್ದುಮಾಡಿದ ಬ್ಯಾಂಕೊಂದರ ಕ್ರಮವನ್ನು ಮದ್ರಾಸ್ ಹೈಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ಇಂದು ಮೊಬೈಲಿನ ಮೇಲೆ ಹಗುರಾಗಿ ತೆಗೆದ ನಾಲ್ಕು ಸಾವಿರದ ಸಾಲ ನಾಳೆ ಅನ್ನದ ದಾರಿಗೇ ಅಡ್ಡ ಬರಬಹುದು.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಇಂಗ್ಲಿಷ್ ಬಲ್ಲ ಕಾರಕೂನರಿದ್ದಾರೆ. ಇಂಗ್ಲಿಷ್ ಬಾರದ ಹೋಟೆಲ್ ಕೆಲಸಗಾರರೂ ಕಟ್ಟಡದ ಕೂಲಿಗಾರರೂ ಇದ್ದಾರೆ. ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಓದಬಲ್ಲವರು ಓದಲಾರದವರಿಗೆ ಪಕ್ಕದಲ್ಲಿ ಕುಳಿತು ಓದಿ ಹೇಳಿದರೆ ಅದಕ್ಕಿಂತ ಹೆಚ್ಚಿನ ಸಂಘಸೇವೆ ಬೇರೆಯಿಲ್ಲ. ಆದರೆ ಅವರ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಅವರೇ ಒತ್ತಲಿ, ವರದಿಯ ಪ್ರತಿ ಅವರ ಕೈಯಲ್ಲೇ ಉಳಿಯಲಿ. ಈ ತಿಂಗಳು ಒಂದು ವರದಿಯನ್ನು ತರಿಸಿರಿ, ಮನೆಯವರೊಡನೆ ಕುಳಿತು ಓದಿರಿ. ಪರರು ಬರೆದರೂ ಅದರಲ್ಲಿರುವ ಹೆಸರು ನಮ್ಮದು.